ಅಡ್ಡಕ್ಕೆ ಕೊಯ್ದ ಕಣ್ಣು

ಆಗಿರಬಹುದು ಎಂದು ಒಂದೇ ಒಂದು ಮಾತು ಹೇಳಿದರೆ ಸಾಕು. ಆಗಿದೆ ಎಂದಲ್ಲ, ಆಗಿರಬಹುದು. ಹಲ್ಲುಜ್ಜುತ್ತ ನಿಂತವಳ ಬಾಯಲ್ಲಿ ಪೇಸ್ಟಿನ ನೊರೆಯ ಜೊತೆ ಆ ಮಾತೂ ಅತ್ತಿತ್ತ ತಿರುಗುತ್ತಿತ್ತು. ಉಗುಳಿದಳು, ನೊರೆ ಹೋಯಿತು, ಮಾತು ಹೋಗಲಿಲ್ಲ. ನಿನ್ನೆ ಸಂಜೆ ಡೈರೆಕ್ಟರು ತಮ್ಮ ಕೋಣೆಗೆ ಕರೆಸಿ, ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ಕುರ್ಚಿ ತೋರಿಸಿ, ಎಷ್ಟು ಮೆತ್ತಗೆ ಹೇಳಿದ್ದರು: "ನಾಳೆ ಮೀಟಿಂಗಿನಲ್ಲಿ ಸೈನ್ಯದ ಮೇಜರ್ ಕೇಳಿದ್ರೆ, ಕೊಯ್ಯುವಾಗ ಬ್ಲೇಡಿನ ಗೀರು ಬಿದ್ದಿರಬಹುದು ಅನ್ನಿ. ನಿಮ್ಮ ತಪ್ಪು ಅಂತ ಯಾರೂ ಎಲ್ಲೂ ಬರೆಯಲ್ಲ. ಮನುಷ್ಯರ ಕೈ ಅಲ್ವಾ, ಆಗುತ್ತೆ." ಗದರಿದ್ದರೆ ಎದುರಾಡಬಹುದಿತ್ತು. ಮೆತ್ತಗೆ ಹೇಳಿದವರಿಗೆ ಏನು ಹೇಳುವುದು? "ಯೋಚನೆ ಮಾಡ್ತೀನಿ ಸರ್" ಎಂದು ಎದ್ದು ಬಂದಿದ್ದಳು. ಮೆಟ್ಟಿಲಿಳಿಯುವಾಗ, ಕುರ್ಚಿ ಕೊಟ್ಟರೂ ತಾನು ಅದರ ಅಂಚಿನಲ್ಲಷ್ಟೇ ಕೂತಿದ್ದು ನೆನಪಾಗಿ ಕಿವಿ ಬಿಸಿಯಾಗಿತ್ತು.

ಅವಳ ಕೆಲಸ ಕಣ್ಣು ಕೊಯ್ಯುವುದು. ಸಂಸ್ಥೆ ಸೈನ್ಯಕ್ಕಾಗಿ ಗುತ್ತಿಗೆಯ ಮೇಲೆ ಸಂಶೋಧನೆ ಮಾಡುವಂಥದ್ದು: ಲೇಸರ್ ಬೆಳಕು ಕಣ್ಣಿಗೆ ಏನು ಮಾಡುತ್ತದೆ, ಎಷ್ಟರೊಳಗಿದ್ದರೆ ಏನೂ ಮಾಡುವುದಿಲ್ಲ. ಮೇಲಿನ ಮಹಡಿಯಲ್ಲಿ, ಬಾಗಿಲ ಮೇಲೆ ಕೆಂಪು ದೀಪ ಉರಿಯುವ ಕೋಣೆಯಲ್ಲಿ, ಅರಿವಳಿಕೆ ಕೊಟ್ಟು ಮಲಗಿಸಿದ ಮೊಲದ ಕಣ್ಣಿಗೆ ಬೆಳಕಿನ ಹೊಡೆತ ಬೀಳುತ್ತದೆ. ಮರುದಿನ ಆ ಕಣ್ಣು ಗಾಜಿನ ಸೀಸೆಯಲ್ಲಿ ಕೆಳಗಿಳಿದು, ಕಿಟಕಿಯಿಲ್ಲದ ಅವಳ ಕೋಣೆಗೆ ಬರುತ್ತದೆ. ಅವಳು ಅದನ್ನು ಮೇಣದಲ್ಲಿ ಅಚ್ಚು ಹಾಕಿ, ಮೆಷಿನ್ನಿಗೆ ಸಿಕ್ಕಿಸಿ, ಚಕ್ರ ತಿರುಗಿಸಿ, ಕೂದಲೆಳೆಯನ್ನು ಉದ್ದಕ್ಕೆ ಹದಿನೈದು ಸೀಳು ಮಾಡಿದರೆ ಒಂದು ಸೀಳು ಎಷ್ಟಿರುತ್ತದೋ ಅಷ್ಟು ತೆಳ್ಳಗೆ ಹಾಳೆ ಹಾಳೆಯಾಗಿ ಕೊಯ್ದು, ಗಾಜಿಗೆ ಅಂಟಿಸಿ, ಬಣ್ಣ ಹಾಕಿ, ಮೈಕ್ರೋಸ್ಕೋಪಿನ ಕೆಳಗಿಡುತ್ತಾಳೆ. ಯಾರೋ ಯಾವತ್ತೋ ಸ್ಲೈಡಕ್ಕ ಎಂದು ಕರೆದದ್ದು ಹಾಗೇ ನಿಂತುಹೋಗಿ, ಈಗ ಡೈರೆಕ್ಟರಿನಿಂದ ಗೇಟಿನ ಕಾವಲುಗಾರನವರೆಗೆ ಎಲ್ಲರಿಗೂ ಅವಳು ಸ್ಲೈಡಕ್ಕ.

"ಚಹಾಕ್ಕೆ ಉಪ್ಪು ಹಾಕ್ತಿದ್ದೀಯಲ್ಲೇ" ಎಂದರು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅತ್ತೆ.

"ಇಲ್ಲ ಅತ್ತೆ, ಸಕ್ಕರೇನೇ."

"ಗೊತ್ತು. ನೀನು ಇಲ್ಲಿದ್ದೀಯೋ ಇಲ್ವೋ ಅಂತ ನೋಡ್ದೆ."

ಅತ್ತೆ ಮೂವತ್ತು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು ಊರವರ ಮಾತನ್ನೆಲ್ಲ ಜೋಡಿಸಿಕೊಟ್ಟವರು. ಮುಖ ನೋಡಬೇಕಿಲ್ಲ, ದನಿಯಲ್ಲೇ ಸುಳ್ಳು ಹಿಡಿಯುತ್ತಾರೆ. ಗಂಡ ಬೆಳಗಿನ ಪಾಳಿಗೆ ಹೋಗಿಯಾಗಿತ್ತು; ಇಲ್ಲದಿದ್ದರೆ ಅವನೆದುರು ಹೇಳಿ ಮುಗಿಸಿ, ಅವನು "ಬಿಡು ಅತ್ಲಾಗೆ" ಎಂದದ್ದನ್ನು ಸಮಾಧಾನವೆಂದು ಇಟ್ಟುಕೊಂಡು ಹೊರಡುತ್ತಿದ್ದಳು. ಈಗ ಅತ್ತೆಯೇ ಗತಿ. ಲೋಟ ಕೊಡುತ್ತ ಹೇಳಿದಳು: "ನಾನು ಮಾಡದೇ ಇರೋ ತಪ್ಪನ್ನ ಮಾಡಿರಬಹುದು ಅಂತ ಒಪ್ಕೋ ಅಂತಿದ್ದಾರೆ."

ಅತ್ತೆ ಒಂದು ಗುಟುಕು ಕುಡಿದರು. "ಮಾಡಿಲ್ಲ ಅಂದ್ಮೇಲೆ ಇಷ್ಟು ಯಾಕೆ ಬೆವರ್ತೀಯ? ನಿನ್ನ ದನಿ ಕೇಳಿದ್ರೆ ಮಾಡಿದವಳ ದನಿ ಇದ್ದ ಹಾಗಿದೆ."

ಬಸ್ಸಿನಲ್ಲಿ ಕಂಬಿ ಹಿಡಿದು ನಿಂತಾಗಲೂ ಅದೇ. ಮಾಡಿದವಳ ದನಿ. ಹೌದು, ಮಾಡಿದ್ದಳು, ಈಗ ಅಲ್ಲ, ಹನ್ನೊಂದು ವರ್ಷದ ಹಿಂದೆ. ಮುಂದಿನ ಸೀಟಿನಲ್ಲಿದ್ದ ಹೆಂಗಸಿನ ಕೊರಳಪಟ್ಟಿಯ ಹೊಲಿಗೆ ಬಿಟ್ಟಿರುವುದನ್ನು ಅವಳು ನೋಡುತ್ತಲೇ ಇದ್ದಳು, ಆದರೆ ಕಾಣುತ್ತಿದ್ದದ್ದು ಒಂದು ಟ್ರೇ, ಟ್ರೇಯ ಮೇಲೆ ಒಂಬತ್ತು ಕಪ್ಪು. ಆಗ ಇವತ್ತಿನ ಡೈರೆಕ್ಟರು ಬರೀ ಪ್ರಾಜೆಕ್ಟಿನ ಮುಖ್ಯಸ್ಥರು. ಅವಳು ಏಳನೇ ಕಣ್ಣನ್ನು ಮೆಷಿನ್ನಿಗೆ ಸಿಕ್ಕಿಸಿ, ಇನ್ನೇನು ಬೆಳಕು ಬಿದ್ದ ಜಾಗ ಹತ್ತಿರ ಬಂತು ಎನ್ನುವಾಗ ಬಾಗಿಲಲ್ಲಿ ತಲೆ ಹಾಕಿ, "ಗೆಸ್ಟ್ ಬಂದಿದ್ದಾರೆ, ಚಹಾ ತಂದುಕೊಡಿ ಸ್ವಲ್ಪ" ಎಂದಿದ್ದರು. ಚಹಾ ತರುವವನು ರಜೆಯಲ್ಲಿದ್ದ. ಮಹಡಿಯಲ್ಲಿ ಇನ್ನೂ ಆರು ಜನ ಇದ್ದರು, ಎಲ್ಲರಿಗೂ ಎರಡೆರಡು ಕೈ ಇತ್ತು. ಅವಳು ಗ್ಲೌಸ್ ತೆಗೆದು, ಕೈ ತೊಳೆದು, ಒಂಬತ್ತು ಕಪ್ಪು ಹೊತ್ತು ಹೋದಳು. ಗೆಸ್ಟೊಬ್ಬರು ಅವಳತ್ತ ನೋಡದೆಯೇ "ಇನ್ನೊಂದು ಚಮಚ ಸಕ್ಕರೆ" ಎಂದರು. ವಾಪಸ್ಸು ಬಂದು ಕೂತು ಚಕ್ರ ತಿರುಗಿಸಿದಳು. ಸಿಟ್ಟು ಭುಜದಿಂದ ಮೊಣಕೈಗೆ, ಮೊಣಕೈಯಿಂದ ಚಕ್ರಕ್ಕೆ ಇಳಿಯಿತು. ಗರಗರ ತಿರುಗಿಸಿದಳು, ಮನಸ್ಸಿನಲ್ಲೇ ಅವರಿಗೆ ಉತ್ತರ ಕೊಡುತ್ತ. ಉತ್ತರ ಮುಗಿದು ಕೆಳಗೆ ನೋಡಿದರೆ ಹಾಳೆಗಳೆಲ್ಲ ಸುರುಳಿ ಸುತ್ತಿ ಕಸದ ತಟ್ಟೆಯಲ್ಲಿ ಬಿದ್ದಿದ್ದವು, ಬೇಕಾದ ಜಾಗ ದಾಟಿಹೋಗಿತ್ತು. ಕೊಯ್ದ ಕಣ್ಣನ್ನು ಮತ್ತೆ ಕೂಡಿಸಲಾಗುವುದಿಲ್ಲ. ಹೇಳಬಹುದಿತ್ತು. ಹೇಳಿದರೆ ಚಹಾದ ವಿಷಯವೂ ಹೇಳಬೇಕು. ಚಹಾ ತಂದದ್ದಕ್ಕೆ ಸಿಟ್ಟಾಗಿ ಜಾಗ ದಾಟಿಸಿದೆ ಎಂದರೆ ನಗುತ್ತಾರೆ. ದಾಖಲೆಯ ಪುಸ್ತಕದಲ್ಲಿ ಏಳನೇ ಕಣ್ಣಿನ ಮುಂದೆ, ತನ್ನ ದುಂಡು ಅಕ್ಷರದಲ್ಲಿ, "ಬದಲಾವಣೆ ಇಲ್ಲ" ಎಂದು ಬರೆದಳು. ಎಂಟು ಕಣ್ಣಿನ ಆಧಾರದ ಮೇಲೆ ಒಂದು ಗೆರೆ ಎಳೆದರು: ಇಷ್ಟರೊಳಗಿನ ಬೆಳಕಿನಿಂದ ಕಣ್ಣಿಗೆ ಅಪಾಯವಿಲ್ಲ. ಎಂಟರಲ್ಲಿ ಏಳು ಮಾತ್ರ ನಿಜ.

ಬಸ್ಸು ನಿಂತಿತು. ಇಳಿಯುವಾಗ ಕಂಡಕ್ಟರ್ "ಬೇಗ ಬೇಗ" ಎಂದ. ಅವಳಿಗೆ ಅದು ತನ್ನೊಬ್ಬಳಿಗೇ ಹೇಳಿದಂತೆ ಕೇಳಿಸಿತು.

ಕೋಣೆಯಲ್ಲಿ ಮೇಣದ ವಾಸನೆ, ಬೆಚ್ಚಗಿನ ನೀರಿನ ತೊಟ್ಟಿಯ ಸಣ್ಣ ಗುಂಯ್. ಇಲ್ಲಿಗೆ ಬಂದರೆ ಯಾವಾಗಲೂ ಉಸಿರು ತಾನಾಗಿ ನಿಧಾನವಾಗುತ್ತದೆ. ಸ್ಲೈಡಿನ ಪೆಟ್ಟಿಗೆ ತೆರೆದಳು. ಸೈನ್ಯದವರ ಹತ್ತಿರ ಈಗ ದೂರ ಅಳೆಯುವ ಹೊಸ ಲೇಸರ್ ಯಂತ್ರ ಬಂದಿದೆ. ಹಳೆಯದು ಒಂದು ಹೊಡೆತ ಹೊಡೆದು ಸುಮ್ಮನಾಗುತ್ತಿತ್ತು, ಇದು ಕಣ್ಣಿಗೆ ಕಾಣದ ಬೆಳಕನ್ನು ಒಂದು ಕ್ಷಣದಲ್ಲಿ ಹತ್ತಾರು ಸಲ ಹೊಡೆಯುತ್ತದೆ. ಹಳೆಯ ಗೆರೆ ಇದಕ್ಕೂ ಸಾಕು ಎಂದು ಸಂಸ್ಥೆ ಬರೆದುಕೊಟ್ಟರೆ, ತರಬೇತಿಯ ಮೈದಾನದಲ್ಲಿ ಎದುರುಬದುರು ನಿಲ್ಲುವ ಸೈನಿಕರು ರಕ್ಷಣೆಯ ಕನ್ನಡಕವಿಲ್ಲದೆ ಅಭ್ಯಾಸ ಮಾಡಬಹುದು. ಡೈರೆಕ್ಟರಿಗೆ ಬೇಕಾದ ಉತ್ತರ ಅದು. ಅದರ ಮೇಲೆ ಮುಂದಿನ ಮೂರು ವರ್ಷದ ಗುತ್ತಿಗೆ, ಹದಿನೆಂಟು ಜನರ ಕೆಲಸ, ಅವಳದೂ ಸೇರಿ. ಹಳೆಯ ಗೆರೆಯೊಳಗೇ ಈ ಹೊಸ ಬೆಳಕನ್ನು ಹೊಡೆದು ನೋಡಿದ ಮೊಲದ ಕಣ್ಣೊಳಗೆ, ಮೇಲಿನಿಂದ ಇಣುಕಿದ ಡಾಕ್ಟರಿಗೆ ಏನೂ ಕಂಡಿರಲಿಲ್ಲ. ಅವಳ ಹಾಳೆಗಳಲ್ಲಿ ಗಾಯ ಕಂಡಿತ್ತು. ನಿಯಮದ ಪ್ರಕಾರ ಹತ್ತಕ್ಕೊಂದು ಹಾಳೆ ಇಟ್ಟುಕೊಂಡರೆ ಸಾಕು. ಆ ಏಳನೇ ಕಣ್ಣಿನ ನಂತರ ಅವಳು ಒಂದನ್ನೂ ಬಿಸಾಡಿರಲಿಲ್ಲ. ನಲವತ್ತೊಂದನೆಯ ಹಾಳೆಯಲ್ಲಿ, ಕಣ್ಣಿನ ಹಿಂಗೋಡೆಯ ಕಂದು ಸಾಲಿನಲ್ಲಿ, ಒಂದೇ ಒಂದು ಜೀವಕೋಶ ಕೆಟ್ಟಿತ್ತು. ನಲವತ್ತೆರಡರಲ್ಲಿ ಮೂರು. ಐವತ್ತರ ಹೊತ್ತಿಗೆ ಅಗಲವಾಗಿ, ಮೇಲಿನ ಪದರ ಊದಿ, ಮತ್ತೆ ಕಿರಿದಾಗುತ್ತ ಐವತ್ತೆಂಟಕ್ಕೆ ಮುಗಿದಿತ್ತು.

ಮೀಟಿಂಗ್ ಹತ್ತೂವರೆಗೆ. ಉದ್ದ ಮೇಜಿನ ಸುತ್ತ ಕೂತವರ ಮುಂದೆ ಹೆಸರಿನ ಫಲಕಗಳಿದ್ದವು. ಅವಳಿಗೆ ಬಾಗಿಲ ಪಕ್ಕ ಗೋಡೆಗೆ ಒರಗಿಸಿದ ಕುರ್ಚಿ. ಸೈನ್ಯದ ಕಡೆಯಿಂದ ಬಂದ ಮೇಜರ್ ನಲವತ್ತರ ಆಸುಪಾಸಿನ, ಸಣ್ಣ ದನಿಯ ಮನುಷ್ಯ, ಪ್ರತಿ ಪುಟವನ್ನೂ ನಿಜವಾಗಿ ಓದಿದ್ದ. ಪರದೆಯ ಮೇಲೆ ಐವತ್ತನೆಯ ಹಾಳೆಯ ಚಿತ್ರ ಬಂದಾಗ ಕೈ ಎತ್ತಿ ನಿಲ್ಲಿಸಿದ.

"ಇದು ಕೊಯ್ಯುವಾಗ ಬಿದ್ದ ಗೀರು ಅಂತ ನಿಮ್ಮ ಕರಡಿನಲ್ಲಿದೆ. ಕೊಯ್ದವರು ಯಾರು?"

ಎಲ್ಲ ಕುರ್ಚಿಗಳೂ ಕಿರ್ ಎಂದು ಬಾಗಿಲ ಕಡೆ ತಿರುಗಿದವು. ಡೈರೆಕ್ಟರು ಅವಳತ್ತ ನೋಡಿ, ಮಗುವಿಗೆ ಪದ್ಯ ನೆನಪಿಸುವವರಂತೆ, ಸಣ್ಣಗೆ ತಲೆಯಾಡಿಸಿದರು. ಎದ್ದು ನಿಂತಳು. ಆಗಿರಬಹುದು. ಇಡೀ ಬೆಳಿಗ್ಗೆ ಬಾಯಲ್ಲಿ ಸಿದ್ಧವಾಗಿ ಕೂತಿದ್ದ ಮಾತು ಈಗ ಹುಡುಕಿದರೂ ಸಿಗಲಿಲ್ಲ.

"ನಾನು ಸರ್. ಅದು ಗೀರಲ್ಲ."

ಮೇಜಿನ ಮೇಲೆ ಯಾರದೋ ಪೆನ್ನು ಉರುಳಿತು. ಅವಳು ಹೇಳುತ್ತ ಹೋದಳು, ಮೊದಲು ತೊದಲುತ್ತ, ಆಮೇಲೆ ತನ್ನ ಕೋಣೆಯಲ್ಲಿ ತನಗೆ ತಾನೇ ಹೇಳಿಕೊಳ್ಳುವ ಧಾಟಿಯಲ್ಲಿ. ಬ್ಲೇಡಿನ ಮೊನೆಯಲ್ಲಿ ಮುಕ್ಕಿದ್ದರೆ ಗೀರು ಎಲ್ಲ ಹಾಳೆಯಲ್ಲೂ ಅದೇ ಜಾಗದಲ್ಲಿ, ಅದೇ ಅಗಲಕ್ಕೆ ಬೀಳುತ್ತೆ. ಕಣ್ಣು ಮುಗಿದ ಮೇಲೂ ಪಕ್ಕದ ಮೇಣದಲ್ಲಿ ಮುಂದುವರಿಯುತ್ತೆ. ಇದು ಹಾಗಲ್ಲ. ಹುಟ್ಟಿ, ಅಗಲವಾಗಿ, ಕಿರಿದಾಗಿ, ಸತ್ತಿದೆ. ಹದಿನೆಂಟು ಹಾಳೆ. ಮೇಣ ಸ್ವಚ್ಛ ಇದೆ.

"ಅನುಭವ ಇರೋ ಕೈ ಅದು, ನಾವು ಗೌರವಿಸ್ತೀವಿ" ಎಂದರು ಡೈರೆಕ್ಟರು, "ಆದ್ರೂ ಒಬ್ಬರ ಕೈ ಮೇಲೆ ಇಡೀ..."

ಮೇಜರ್ ಅವರನ್ನು ಮುಗಿಸಲು ಬಿಡಲಿಲ್ಲ. ಅವಳನ್ನೇ ಕೇಳಿದ: "ನಿಮ್ಮ ಕೈಯನ್ನ ನಾನು ಯಾಕೆ ನಂಬಬೇಕು, ಹೇಳಿ?"

ಪ್ರಶ್ನೆಯಲ್ಲಿ ಕೊಂಕಿರಲಿಲ್ಲ. ಅವನ ಕೆಲಸದ ಪ್ರಶ್ನೆ, ಅಷ್ಟೇ. ಆದರೆ ಅದು ನೇರವಾಗಿ ಹೋಗಿ ಹನ್ನೊಂದು ವರ್ಷದಿಂದ ಮುಚ್ಚಿಟ್ಟಿದ್ದ ಜಾಗಕ್ಕೆ ತಾಗಿತು. ಈಗ ಸುಮ್ಮನಿದ್ದರೆ ಗೆಲ್ಲಬಹುದು ಎಂಬುದೂ ಅವಳಿಗೆ ಅದೇ ಕ್ಷಣ ಹೊಳೆಯಿತು. ಹತ್ತೊಂಬತ್ತು ವರ್ಷದ ಕೈ ಎಂದರೆ ಸಾಕು, ಇವನು ಒಪ್ಪಿದರೂ ಒಪ್ಪಿಯಾನು. ಆದರೆ ಹಾಗೆ ಗೆದ್ದದ್ದು ಮತ್ತೆ ಅದೇ ದುಂಡು ಅಕ್ಷರದ ಗೆಲುವು. ದನಿ, ಆಶ್ಚರ್ಯವೆಂಬಂತೆ, ಸರಿಯಾಗಿಯೇ ಬಂತು.

"ನಂಬಬೇಡಿ ಸರ್. ಹಳೇ ರಿಪೋರ್ಟಿನಲ್ಲಿ ಏಳನೇ ಕಣ್ಣು ಅಂತ ಒಂದಿದೆ. ಬದಲಾವಣೆ ಇಲ್ಲ ಅಂತ ಬರೆದಿದ್ದು ನಾನೇ. ನಾನು ಅದನ್ನ ನೋಡೇ ಇಲ್ಲ. ಕೊಯ್ಯುವಾಗ ಜಾಗ ದಾಟಿಸಿಬಿಟ್ಟೆ, ಹೇಳೋಕೆ ನಾಚಿಕೆಯಾಗಿ ಸುಳ್ಳು ಬರೆದೆ. ನಿಮ್ಮ ಗೆರೆ ನಿಂತಿರೋದು ಏಳು ಕಣ್ಣಿನ ಮೇಲೆ, ಎಂಟರ ಮೇಲಲ್ಲ."

ಡೈರೆಕ್ಟರ ಮುಖದ ಬಣ್ಣ ಇಳಿಯುವುದನ್ನು ನೋಡಿ ಅವಳಿಗೆ ಒಂದು ಗಳಿಗೆ ಪಾಪ ಎನಿಸಿತು; ಕೆಲಸ ಹೋಯಿತು ಎಂದೂ ಎನಿಸಿತು; ವಿಚಿತ್ರವೆಂದರೆ ಎರಡರ ನಡುವೆ, ಬಿಗಿದ ಚಪ್ಪಲಿ ಕಳಚಿಟ್ಟಂಥ ಹಗುರ. ಆ ಹಗುರದಲ್ಲೇ ಮುಂದಿನ ಮಾತು ತಾನಾಗಿ ಬಂತು. "ಅದಕ್ಕೇ ಹೇಳ್ತಿದ್ದೀನಿ, ನಂಬಬೇಡಿ, ನೋಡಿ. ಇದೇ ಮೊಲದ ಎಡಗಣ್ಣನ್ನ ಮೇಣದಲ್ಲಿ ಅಚ್ಚು ಹಾಕಿ, ಕೊಯ್ಯದೆ ಹಾಗೇ ಇಟ್ಟಿದ್ದೀನಿ. ಅದಕ್ಕೂ ಅಷ್ಟೇ ಬೆಳಕು ಬಿದ್ದಿದೆ. ಅಚ್ಚನ್ನ ತಿರುಗಿಸಿ, ಅಡ್ಡಕ್ಕೆ ಕೊಯ್ತೀನಿ, ನಿಮ್ಮೆದುರಿಗೇ. ಬ್ಲೇಡಿನ ಗೀರಾದ್ರೆ ಬ್ಲೇಡಿನ ಜೊತೆ ತಿರುಗುತ್ತೆ. ಕಣ್ಣಿನ ಗಾಯ ಆದ್ರೆ ಅದರ ಜಾಗದಲ್ಲೇ, ಅದೇ ಸಾಲಿನಲ್ಲೇ ಇರುತ್ತೆ. ಒಂದು ಗಂಟೆ ಸಾಕು."

ಮೇಜರ್ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದ. "ನಡೀರಿ."

ಕಿಟಕಿಯಿಲ್ಲದ ಆ ಕೋಣೆಗೆ ಇಷ್ಟು ಜನ ಎಂದೂ ಬಂದಿರಲಿಲ್ಲ. ಡೈರೆಕ್ಟರಿಗೆ ನಿಲ್ಲಲು ಜಾಗ ಸಿಕ್ಕಿದ್ದು ಸಿಂಕಿನ ಪಕ್ಕ. ಅವಳು ಗ್ಲೌಸ್ ಹಾಕಿದಳು, ಹೊಸ ಬ್ಲೇಡನ್ನು ಪೊಟ್ಟಣದಿಂದ ಬಿಚ್ಚಿ ಮೇಜರನಿಗೆ ಬೆಳಕಿಗೆ ಹಿಡಿದು ತೋರಿಸಿದಳು, ಮುಕ್ಕಿಲ್ಲ ತಾನೇ ಎಂದು ಅವನ ಬಾಯಿಂದಲೇ ಹೇಳಿಸಿದಳು. ಅಚ್ಚನ್ನು ಐಸಿನ ಮೇಲಿಂದ ತೆಗೆದು ಅಡ್ಡಕ್ಕೆ ಸಿಕ್ಕಿಸಿದಳು. ಚಕ್ರದ ಹಿಡಿ ಬೆರಳಿಗೆ ತಾಗಿದ್ದೇ ತಡ, ಕೋಣೆಯಲ್ಲಿದ್ದ ಹತ್ತು ಜನ ದೂರ ಸರಿದರು. ಉಳಿದದ್ದು ಮೇಣ, ಬ್ಲೇಡು, ಸುತ್ತಿಗೊಮ್ಮೆ ಬರುವ ಸರ್ರನೆಯ ಸಣ್ಣ ಸದ್ದು. ಹಾಳೆಗೆ ಹಾಳೆ ಅಂಟಿಕೊಂಡು ಪಟ್ಟಿಯಾಗಿ ಇಳಿಯಿತು. ಅಚ್ಚಿನ ಮೇಲೆ ಮೆಲ್ಲಗೆ ಉಸಿರು ಬಿಟ್ಟು ಹದ ಮಾಡಿದಳು. ಪಟ್ಟಿಯನ್ನು ಕುಂಚದ ತುದಿಯಿಂದ ಎತ್ತಿ ಬೆಚ್ಚಗಿನ ನೀರಿನ ಮೇಲೆ ಮಲಗಿಸಿದಾಗ ಅದು ಸುಕ್ಕು ಬಿಚ್ಚಿ ಹರಡಿತು, ಮೇಜರ್ "ಅರೆ" ಎಂದ. ಸಿಟ್ಟಿನ ಹುಡುಗಿಯೊಬ್ಬಳು ಇದೇ ಚಕ್ರವನ್ನು ಗರಗರ ತಿರುಗಿಸಿದ್ದು ಅವಳಿಗೆ ನೆನಪಾಯಿತು. ಅವಳ ಮೇಲೆ ಈಗ ಕೋಪ ಬರಲಿಲ್ಲ. ಪಾಪ, ಒಂಬತ್ತು ಕಪ್ಪು.

ಮೊದಲನೆಯ ಗಾಜಿಗೆ ನೀಲಿ ಬಣ್ಣ ಹಾಕಿ, ತೊಳೆದು, ಮೈಕ್ರೋಸ್ಕೋಪಿನ ಕೆಳಗಿಟ್ಟು ತಾನು ನೋಡಿದಳು. ಏನೂ ಇಲ್ಲ. ಎರಡನೆಯದು. ಏನೂ ಇಲ್ಲ. ಸಿಂಕಿನ ಕಡೆಯಿಂದ ಯಾರೋ ಗಡಿಯಾರ ನೋಡಿಕೊಂಡರು. ಎಡಗಣ್ಣಿಗೆ ಬೆಳಕು ಸರಿಯಾಗಿ ಬಿದ್ದೇ ಇರಲಿಲ್ಲವೇನೋ, ಜಾಗ ಇನ್ನೂ ಮುಂದಿದೆಯೋ, ದಾಟಿತೋ. ದಾಟಿಲ್ಲ, ಎಂದು ಕೈ ಹೇಳಿತು. ಮತ್ತೆ ಚಕ್ರ ಹಿಡಿದು, ಅವಸರ ಮಾಡದೆ, ಇಪ್ಪತ್ತು ಹಾಳೆ ಇಳಿಸಿದಳು. ಮೂರನೆಯ ಗಾಜು. ಕಣ್ಣಿಟ್ಟಳು. ಸ್ವಲ್ಪ ಹೊತ್ತು ಹಾಗೇ ಇದ್ದಳು. ಆಮೇಲೆ ಎದ್ದು ಸ್ಟೂಲು ಬಿಟ್ಟುಕೊಟ್ಟಳು.

"ನಾನೇನೂ ಹೇಳಲ್ಲ ಸರ್. ಏನು ಕಾಣ್ತಿದೆ ನೀವೇ ಹೇಳಿ."

ಮೇಜರ್ ಕನ್ನಡಕ ತೆಗೆದು ಬಗ್ಗಿದ. "ನೀಲಿ ಪದರ... ಕೆಳಗೆ ಕಂದು ಬಣ್ಣದ ಸಾಲು. ಮಣಿ ಪೋಣಿಸಿದ ಹಾಗೆ."

"ಸಾಲು ಹಿಡ್ಕೊಂಡು ಬಲಕ್ಕೆ ಹೋಗಿ."

"ಹೋಗ್ತಿದ್ದೀನಿ. ಮಣಿ, ಮಣಿ... ಇಲ್ಲಿ ಇಲ್ಲ. ಒಡೆದು ಚೆಲ್ಲಿದೆ. ಮೇಲಿನ ಪದರ ಉಬ್ಬಿದೆ. ಆಮೇಲೆ ಮತ್ತೆ ಸಾಲು ಶುರು."

"ಸುತ್ತ ಮೇಣದಲ್ಲಿ ಗೀರು ಇದೆಯಾ?"

ಅವನು ತುಂಬ ಹೊತ್ತು ನೋಡಿದ. "ಇಲ್ಲ. ಒಂದೂ ಇಲ್ಲ." ತಲೆ ಎತ್ತಿದವನು ಮೊದಲು ನೋಡಿದ್ದು ಅವಳನ್ನಲ್ಲ, ತನ್ನ ಜೊತೆ ಬಂದಿದ್ದ ಗುಮಾಸ್ತನನ್ನು. "ಬರ್ಕೊಳ್ಳಿ. ಹೊಸ ಯಂತ್ರದ ತರಬೇತಿ ಇವತ್ತಿಂದ ಬಂದ್. ಕನ್ನಡಕ ಬರೋವರೆಗೆ ಒಬ್ಬರೂ ಎದುರಿಗೆ ನಿಲ್ಲೋ ಹಾಗಿಲ್ಲ." ಆಮೇಲೆ ಡೈರೆಕ್ಟರ ಕಡೆ ತಿರುಗಿ, "ಇದು ಆರು ತಿಂಗಳಿಗೆ ಮುಗಿಯೋ ಕೆಲಸ ಅಲ್ಲ ಸರ್. ಹಳೇದನ್ನೂ ಸೇರಿಸಿ ಎಲ್ಲ ಮತ್ತೆ ಮಾಡ್ಬೇಕು. ಗುತ್ತಿಗೆ ಮುಂದುವರಿಸೋಕೆ ನಾನು ಬರೀತೀನಿ. ಒಂದೇ ಷರತ್ತು, ಕೊಯ್ಯೋದು ಇವರೇ." ಕೊನೆಗೆ ಅವಳತ್ತ ತಿರುಗಿ ಸೆಲ್ಯೂಟ್ ಹೊಡೆಯುತ್ತಾನೇನೋ ಎಂದು ಅವಳು ಗಾಬರಿಯಾದಳು. ಅವನು ಬರೀ ಕೇಳಿದ: "ಇನ್ನೊಂದ್ಸಲ ನೋಡ್ಲಾ?"

ಎಲ್ಲರೂ ಹೋದ ಮೇಲೆ ಡೈರೆಕ್ಟರು ಸಿಂಕಿನ ಪಕ್ಕದಲ್ಲೇ ನಿಂತಿದ್ದರು. ಮೆತ್ತನೆಯ ದನಿ ಎಲ್ಲೋ ಹೋಗಿತ್ತು. ಬಂದದ್ದು ದಣಿದ, ನಿಜವಾದ ದನಿ. "ಏಳನೇ ಕಣ್ಣಿನ ಬಗ್ಗೆ ನಿಮಗೆ ಮೆಮೊ ಕೊಡದೆ ವಿಧಿಯಿಲ್ಲ."

"ಕೊಡಿ ಸರ್."

"ಯಾಕೆ ಹಾಗೆ ಮಾಡಿದ್ರಿ? ನಿಮ್ಮಂಥವರು?"

"ಅವತ್ತು ನೀವು ನನ್ನನ್ನ ಚಹಾ ತರೋಕೆ ಕಳಿಸಿದ್ರಿ."

"ನಾನಾ?" ಎಂದರು. ಅವರಿಗೆ ನೆನಪೇ ಇರಲಿಲ್ಲ. ಅವರ ಮುಖ ನೋಡಿದರೆ ಅದು ನಾಟಕವಲ್ಲ. ಹನ್ನೊಂದು ವರ್ಷ ತಾನು ಎದೆಯಲ್ಲಿ ಹೊತ್ತದ್ದು ಈ ಮನುಷ್ಯನ ತಲೆಯಲ್ಲಿ ಒಂದು ದಿನವೂ ಇರಲಿಲ್ಲವೆಂದು ತಿಳಿದು ಅವಳಿಗೆ ನಗು ಬಂತು, ತಡೆಯಲಾಗದ ನಗು. ಡೈರೆಕ್ಟರು ಕಕ್ಕಾಬಿಕ್ಕಿಯಾಗಿ, ಆಮೇಲೆ ಏನೂ ಅರ್ಥವಾಗದೆ, ಅವರೂ ಸ್ವಲ್ಪ ನಕ್ಕರು.

ಸಂಜೆ ಬಾಗಿಲು ತೆರೆದ ಅತ್ತೆ ಅವಳ "ಬಂದೆ ಅತ್ತೆ" ಕೇಳಿ ಅಲ್ಲೇ ನಿಂತರು. "ಇನ್ನೊಂದ್ಸಲ ಹೇಳು."

"ಬಂದೆ."

"ಹ್ಞೂಂ" ಎಂದರು ಅತ್ತೆ. "ಲೈನ್ ಕ್ಲಿಯರ್ ಆಗಿದೆ. ಬೈಸ್ಕೊಂಡ್ಯಾ, ಬೈದು ಬಂದ್ಯಾ?"

"ಎರಡೂ."

"ಹಾಗಿದ್ರೆ ಕೂತ್ಕೊಂಡು ಸರಿಯಾಗಿ ಹೇಳು, ಒಂದು ಮಾತೂ ಬಿಡದೆ" ಎಂದು ಅತ್ತೆ ಕುರ್ಚಿ ಎಳೆದುಕೊಂಡರು.

ಮೆಮೊ ಬಂತು, ಸಹಿ ಹಾಕಿ ತೆಗೆದುಕೊಂಡಳು. ಒಂದು ವರ್ಷದ ವೇತನ ಬಡ್ತಿ ಹೋಯಿತು. ಹಳೆಯ ರಿಪೋರ್ಟಿನಲ್ಲಿ ಏಳನೇ ಕಣ್ಣಿನ ಸಾಲನ್ನು ಹೊಡೆದುಹಾಕಿ, ಪಕ್ಕದಲ್ಲಿ ಕಾರಣವನ್ನು ತನ್ನ ಕೈಯಿಂದಲೇ ಬರೆದಳು. ಆ ವರ್ಷ ಮೂವತ್ತಾರು ಕಣ್ಣು ಕೊಯ್ದಳು, ಅರ್ಧ ಉದ್ದಕ್ಕೆ, ಅರ್ಧ ಅಡ್ಡಕ್ಕೆ. ಗೆರೆ ಹತ್ತರಲ್ಲೊಂದು ಪಾಲಿಗೆ ಇಳಿಯಿತು. ಹೊಸ ರಿಪೋರ್ಟಿನ ಮೊದಲ ಪುಟದಲ್ಲಿ, ಡೈರೆಕ್ಟರ ಹೆಸರಿನ ಕೆಳಗೆ, ಅವಳ ಪೂರ್ತಿ ಹೆಸರು ಅಚ್ಚಾಗಿತ್ತು. ಅಕೌಂಟ್ಸಿನವರು ಫೋನ್ ಮಾಡಿ ಇವರು ಯಾರು ಎಂದು ವಿಚಾರಿಸಿದರಂತೆ. ಸ್ಲೈಡಕ್ಕ ಎಂದ ಮೇಲೆ ಗೊತ್ತಾಯಿತಂತೆ.

ಕನ್ನಡಕಗಳು ಬಂದ ವಾರ ಮೇಜರ್ ಅವಳನ್ನು ತರಬೇತಿಯ ಮೈದಾನಕ್ಕೆ ಕರೆಸಿದ. ಬೆಳಗಿನ ಒಂಬತ್ತು ಗಂಟೆ, ಬಯಲು, ಕಣ್ಣು ಕುಕ್ಕುವ ಬಿಸಿಲು. ವರ್ಷಗಟ್ಟಲೆ ಕಿಟಕಿಯಿಲ್ಲದ ಕೋಣೆಯಲ್ಲಿ ಕೂತವಳಿಗೆ ಅಷ್ಟು ಬಯಲು ನೋಡಿಯೇ ತಲೆ ಹಗುರಾಯಿತು. ನಲವತ್ತು ಸೈನಿಕರು ಎರಡು ಸಾಲಿನಲ್ಲಿ ಎದುರುಬದುರು ನಿಂತಿದ್ದರು. ಕುಳ್ಳನೆಯ ತರಬೇತುದಾರ ತನ್ನ ಕನ್ನಡಕವನ್ನು ಹಣೆಯ ಮೇಲೆ ಏರಿಸಿಕೊಂಡು, ಅವಳು ಯಾರೋ ಕಚೇರಿಯ ಹೆಂಗಸು ಎಂದುಕೊಂಡು, ಗೊಣಗಿದ: "ನೋಡಿಮ್ಮ, ಎರಡು ನಿಮಿಷಕ್ಕೆ ಒಳಗೆಲ್ಲ ಆವಿ. ಮೂಗಿನ ಮೇಲೆ ಗಾಯ ಬೇರೆ. ಯಾವ ಪುಣ್ಯಾತ್ಮ ಬರೆದನೋ ಈ ರೂಲನ್ನ."

"ಪುಣ್ಯಾತ್ಮ ಅಲ್ಲಪ್ಪ. ನಾನು."

ಅವನು ಅವಳನ್ನು ಮೇಲಿನಿಂದ ಕೆಳಗೆ ನೋಡಿದ. ಅವನ ಕಣ್ಣುಗಳು ತಿಳಿಕಂದು, ಬಿಸಿಲಿಗೆ ಕಿರಿದಾಗಿದ್ದವು, ಎರಡೂ ಚೆನ್ನಾಗಿದ್ದವು. "ನೀವಾ?" ಎಂದು ನಕ್ಕು, ಕನ್ನಡಕ ಕೆಳಗೆಳೆದು, ಸಾಲಿನ ಕಡೆ ತಿರುಗಿ ಕೂಗಿದ. ಎರಡೂ ಸಾಲಿನಲ್ಲಿ ಕೈಗಳು ಒಟ್ಟಿಗೆ ಮೇಲೆದ್ದವು, ಎಲಾಸ್ಟಿಕ್ಕುಗಳು ಪಟಪಟ ಹೊಡೆದುಕೊಂಡವು. ಅವಳು ಸಾಲಿನ ಉದ್ದಕ್ಕೆ, ಒಂದನ್ನೂ ಬಿಡದೆ, ನೋಡುತ್ತ ಹೋದಳು. ದೂರದ ತುದಿಯಲ್ಲಿ ಒಬ್ಬ ಕನ್ನಡಕವನ್ನು ಹಣೆಯ ಮೇಲೇ ಬಿಟ್ಟು ಪಕ್ಕದವನ ಹತ್ತಿರ ಏನೋ ಹೇಳಿ ನಗುತ್ತಿದ್ದ. ತರಬೇತುದಾರ ಯಂತ್ರ ಚಾಲೂ ಮಾಡಿಸಲು ಕೈ ಎತ್ತಿಯಾಗಿತ್ತು.

"ಏಯ್!" ಎಂದಳು ಅವಳು. "ಕೊನೆಯವರೇ! ಕನ್ನಡಕ!"

ಅಷ್ಟು ಜೋರಾಗಿ ಅವಳು ಜೀವನದಲ್ಲಿ ಕೂಗಿರಲಿಲ್ಲ. ಇಡೀ ಮೈದಾನಕ್ಕೆ ಕೇಳಿಸಿತು. ಎತ್ತಿದ ಕೈ ಎತ್ತಿದಲ್ಲೇ ನಿಂತಿತು. ತುದಿಯಲ್ಲಿದ್ದವನು ಬೆಚ್ಚಿ, ಅಟೆನ್ಷನ್ನಿನಲ್ಲಿ ನೆಟ್ಟಗಾಗಿ, ಕನ್ನಡಕವನ್ನು ಕಣ್ಣಿಗೆಳೆದುಕೊಂಡ. ಕೈ ಹಾಗೇ ಎತ್ತಿಕೊಂಡು ತರಬೇತುದಾರ ಅವಳ ಕಡೆ ತಿರುಗಿ ಕೇಳಿದ, "ಶುರು ಮಾಡ್ಲಾ ಮೇಡಂ?"

ಅವಳು ಇನ್ನೊಮ್ಮೆ ಎರಡೂ ಸಾಲು ನೋಡಿದಳು, ನಿಧಾನವಾಗಿ.

"ಹ್ಞೂಂ, ಈಗ ಮಾಡಿ" ಎಂದಳು.